ಗುಡಿ ಮುಚ್ಚಿದೆ ಅಂದರೆ ಬಾಗಿಲ ತನಕ ಹೋಗಿ ನೋಡಿ

ಸುಮಾ ಕೇಳಿದಳೆಂದು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನಾನು ಪೆನ್ನು ಹಿಡಿಯುವುದು ದಿನಸಿ ಚೀಟಿಗೆ ಮತ್ತು ರಾಮನಾಮದ ಪುಸ್ತಕಕ್ಕೆ, ಎರಡಕ್ಕೇ. ಹೋದ ತಿಂಗಳು ಮನೆಗೆ ಬಂದವಳು ಕಾಫಿ ಲೋಟ ಕೆಳಗಿಡುವ ಮೊದಲೇ ಶುರು ಮಾಡಿದಳು.

“ಅಕ್ಕ, ನಿಮ್ಮ ತಲೇಲಿರೋದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಬಿಡಿ. ಆಫೀಸಿಗೆ ಹೊಸದಾಗಿ ಇಬ್ಬರು ಹುಡುಗೀರು ಸೇರಿದಾರೆ. ಡಿಗ್ರಿ ಇದೆ, ಇಂಗ್ಲಿಷ್ ಸಖತ್ತಾಗಿದೆ. ಆದ್ರೆ ಅರವತ್ತು ದಾಟಿದ ಹನ್ನೆರಡು ಜನ ಆಂಟಿಯರನ್ನ ಹೆಂಗೆ ಸಂಭಾಳಿಸೋದು ಅಂತ ಯಾವ ಕಾಲೇಜಲ್ಲೂ ಹೇಳಿಕೊಟ್ಟಿಲ್ಲ.”

“ನೀನೇ ಹೇಳಿಕೊಡು.”

“ನಾನು ಹೇಳಿದ್ರೆ ಬೋರು ಅಂತಾರೆ. ನೀವು ಬೈದ್ರೆ ಕೇಳ್ತಾರೆ.”

ಹಾಗಾಗಿ ಊಟದ ಮೇಜಿನ ಒಂದು ತುದಿಯಲ್ಲಿ ಕುಕ್ಕರಿನ ಕೂಗು ಎಣಿಸುತ್ತಾ ಬರೆಯುತ್ತಿದ್ದೇನೆ. ನನ್ನ ಹೆಸರು ಪದ್ಮಾವತಿ. ಮನೆ ಗಿರಿನಗರ. ಜೆ.ಪಿ. ನಗರದ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದೆ. ಹೆಂಗಸರ ಗುಂಪುಗಳನ್ನು ಹೊರದೇಶಕ್ಕೆ ಕರೆದುಕೊಂಡು ಹೋಗಿ, ತೋರಿಸಿ, ಕ್ಷೇಮವಾಗಿ ಕರೆದುಕೊಂಡು ಬರುವುದು ನನ್ನ ಕೆಲಸ. ಎಷ್ಟು ಸಲ ಹೋದೆ ಎಂದು ಲೆಕ್ಕವಿಟ್ಟಿಲ್ಲ. ಕರೆದುಕೊಂಡು ಹೋದವರಲ್ಲಿ ಒಬ್ಬರನ್ನೂ ಬಿಟ್ಟು ಬಂದಿಲ್ಲ, ಒಬ್ಬರ ಪಾಸ್‌ಪೋರ್ಟೂ ಕಳೆದಿಲ್ಲ. ಬನಶಂಕರಮ್ಮನ ದಯೆ. ಅದರಲ್ಲಿ ಒಂದು ಚೂರು ನನ್ನ ಗಟ್ಟಿತನವೂ ಇದೆ ಎಂದು ಹೇಳಿಕೊಂಡರೆ ತಾಯಿ ಬೇಸರ ಮಾಡಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ.

ಈ ಕೆಲಸಕ್ಕೆ ನಾನು ಅರ್ಜಿ ಹಾಕಿದವಳಲ್ಲ. ಮಕ್ಕಳಿಬ್ಬರ ಮದುವೆ ಮುಗಿದ ವರ್ಷ ಇದೇ ಟ್ರಾವೆಲ್ಸ್‌ನವರ ಜೊತೆ ಕಾಶಿಗೆ ಹೋಗಿದ್ದೆ. ಅಲ್ಲಿ ದೋಣಿಯವನೊಬ್ಬ ನಡುನೀರಿನಲ್ಲಿ ಹುಟ್ಟು ಮೇಲೆತ್ತಿಟ್ಟುಕೊಂಡು, ಮಾತಾಡಿದ್ದಕ್ಕಿಂತ ಹೆಚ್ಚು ಕೊಟ್ಟರೆ ಮಾತ್ರ ದಡಕ್ಕೆ ಬಿಡುತ್ತೇನೆ ಎಂದ. ಎಲ್ಲರೂ ಗಾಬರಿಯಾದರು. ನಾನು ಚೀಲದಿಂದ ಪಾರಾಯಣದ ಪುಸ್ತಕ ತೆಗೆದು, “ನಮಗೇನೂ ಅವಸರ ಇಲ್ಲ ಕಣ್ರೀ, ಗಂಗೆ ಮಧ್ಯೆ ಕೂತಿದೀವಿ, ಇಂಥಾ ಪುಣ್ಯ ಮತ್ತೆ ಸಿಗುತ್ತಾ? ಸಹಸ್ರನಾಮ ಶುರು ಮಾಡೋಣ” ಎಂದೆ. ಹದಿನಾಲ್ಕು ಜನ ಒಟ್ಟಿಗೆ ಹೇಳತೊಡಗಿದೆವು. ನಲವತ್ತನೆಯ ಶ್ಲೋಕ ಬರುವಷ್ಟರಲ್ಲಿ ಅವನೇ ಹುಟ್ಟು ಹಾಕಿದ. ಅವನಿಗೆ ಬೇರೆ ಗಿರಾಕಿಗಳು ದಡದಲ್ಲಿ ಕಾಯುತ್ತಿದ್ದರು, ನಮಗೆ ಕಾಯುವವರು ಯಾರೂ ಇರಲಿಲ್ಲ.

ಈ ಸುದ್ದಿ ಟ್ರಾವೆಲ್ಸ್ ಮಾಲೀಕರಾದ ರಘು ಅವರಿಗೆ ತಲುಪಿತು. ಬೇಕರಿಯ ಮೇಲಿನ ಅವರ ಆಫೀಸಿಗೆ ಕರೆಸಿದರು. ಆ ಮನುಷ್ಯ ಕೂತು ಮಾತಾಡಿದ್ದನ್ನು ನಾನು ನೋಡಿಲ್ಲ. ಎರಡು ಕಿವಿಗೆ ಎರಡು ಫೋನು, ಮೂರನೆಯದು ಮೇಜಿನ ಮೇಲೆ.

“ಮೇಡಂ, ಜಯನಗರ, ಬನಶಂಕರಿ ಕಡೆ ರಿಟೈರ್ಡ್ ಟೀಚರುಗಳು, ಭಜನಾ ಮಂಡಳಿಯವರು ಫಾರಿನ್‌ಗೆ ಹೋಗ್ಬೇಕು ಅಂತಾರೆ. ಆದ್ರೆ ಗಂಡಸರು ಲೀಡರ್ ಆದ್ರೆ ಮನೇಲಿ ಬಿಡಲ್ಲ. ನೀವು ಬರ್ತೀರಾ? ಇಂಗ್ಲಿಷ್ ಬರುತ್ತಾ?”

“ಪಿಯುಸಿ ಓದಿದೀನಿ ಸಾರ್. ಬೈಯೋಕೆ ಬರಲ್ಲ, ಬೇಡ ಅನ್ನೋಕೆ ಬರುತ್ತೆ.”

“ಅಷ್ಟು ಸಾಕು ಬಿಡಿ.”

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಆಗ ಸಾರಕ್ಕಿಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. “ಹೋಗು, ನಾನು ಅನ್ನ ಮಾಡ್ಕೊಳ್ಳೋದು ಕಲೀತೀನಿ” ಎಂದರು. ಹದಿನಾರು ವರ್ಷದಲ್ಲಿ ಅನ್ನ ಮಾತ್ರ ಕಲಿತರು. ಆದರೂ ಒಂದು ಸಲವೂ ಹೋಗಬೇಡ ಎನ್ನಲಿಲ್ಲ. ಇಂಥ ಉಪಕಾರಗಳನ್ನು ನಾನು ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ.

ಹೊಸದಾಗಿ ಸೇರಿದ ಹುಡುಗಿಯರಿಗೆ ಮೊದಲು ನನ್ನ ತಪ್ಪುಗಳನ್ನೇ ಹೇಳಿಬಿಡುತ್ತೇನೆ.

ಮೊದಲ ಪ್ರವಾಸ ಸಿಂಗಪುರ. ಏಕಾದಶಿಯ ಮಾರನೆಯ ದಿನ ದ್ವಾದಶಿ ಪಾರಣೆಗೆ ಪಾಯಸ ಮಾಡಿಕೊಡೋಣವೆಂದು ಅರ್ಧ ಕೆ.ಜಿ. ಗಸಗಸೆ ಹುರಿದು ಡಬ್ಬಿಗೆ ತುಂಬಿಕೊಂಡಿದ್ದೆ. ವಿಮಾನ ನಿಲ್ದಾಣದಲ್ಲಿ ನಮ್ಮ ಮುಂದಿದ್ದ ಬೇರೆ ಕಂಪನಿಯ ಅನುಭವಸ್ಥ ಲೀಡರೊಬ್ಬರು ಮಾತಿಗೆ ಮಾತು ಬಂದು ಕೇಳಿಸಿಕೊಂಡು, “ಅಮ್ಮಾ, ಮೊದಲು ಅದನ್ನ ಎಸೀರಿ. ಅದು ಅಫೀಮಿನ ಬೀಜ. ಆ ದೇಶಕ್ಕೆ ತಗೊಂಡು ಹೋಗೋ ಹಾಗಿಲ್ಲ” ಎಂದರು. ಪುಣ್ಯಾತ್ಮ ಯಾರೋ, ಹೆಸರೂ ಕೇಳಲಿಲ್ಲ. ಅರ್ಧ ಕೆ.ಜಿ. ಗಸಗಸೆ ಕಸದ ಡಬ್ಬಿಗೆ ಹೋಯಿತು. ಅಂದಿನಿಂದ ಹೊರಡುವ ಒಂದು ವಾರ ಮುಂಚೆ ಎಲ್ಲರನ್ನೂ ಆಫೀಸಿಗೆ ಕರೆದು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಒಬ್ಬೊಬ್ಬರನ್ನೇ ಕೇಳುವ ಪದ್ಧತಿ ಮಾಡಿದೆ. ಕರ್ಪೂರ ತೆಗೆಸಿದೆ, ಗಸಗಸೆ ತೆಗೆಸಿದೆ, ಗಸಗಸೆ ಉದುರಿಸಿದ ಒಬ್ಬಟ್ಟನ್ನೂ ತೆಗೆಸಿದೆ. ಆ ಒಬ್ಬಟ್ಟು ರಘು ಸಾರ್ ತಿಂದರು.

ಅದೇ ಪ್ರವಾಸದಲ್ಲಿ ಇನ್ನೊಂದು. ಹೋಟೆಲ್ ಕೋಣೆಯ ಪುಟ್ಟ ಫ್ರಿಜ್ಜಿನ ತುಂಬ ಬಾಟಲಿಗಳಿದ್ದವು. ಅದರಲ್ಲಿದ್ದದ್ದನ್ನು ತಿಂದರೆ ಕುಡಿದರೆ ಬಿಲ್ಲು ಎಂದು ನನಗೆ ಗೊತ್ತಿತ್ತು. ಎಲ್ಲರಿಗೂ ಸಾರಿ ಸಾರಿ ಹೇಳಿದ್ದೆ. ಆದರೆ ಮೊಸರು ಇಡಲು ಜಾಗ ಬೇಕಲ್ಲ? ಬಾಟಲಿಗಳನ್ನೆಲ್ಲ ಹುಷಾರಾಗಿ ಹೊರಗೆ ಸಾಲಾಗಿ ಜೋಡಿಸಿ, ಮೊಸರಿನ ಡಬ್ಬಿ ಇಟ್ಟೆ. ಹೊರಡುವ ದಿನ ಪ್ರತಿಯೊಂದು ಬಾಟಲಿಗೂ ಬಿಲ್ಲು ಬಂತು. ಜಾಗದಿಂದ ಎತ್ತಿದ ಕೂಡಲೇ ಆ ಯಂತ್ರ ಬರೆದುಕೊಳ್ಳುತ್ತದಂತೆ. ಕೌಂಟರಿನ ಹುಡುಗಿಯನ್ನು ಕೋಣೆಗೆ ಕರೆದುಕೊಂಡು ಹೋಗಿ, ಸಾಲಾಗಿ ನಿಂತ ಬಾಟಲಿಗಳನ್ನು ತೋರಿಸಿ, ಮೊಸರಿನ ಡಬ್ಬಿ ತೋರಿಸಿ, ಒಂದು ಚಮಚ ರುಚಿಯನ್ನೂ ತೋರಿಸಿದ ಮೇಲೆ ಬಿಲ್ಲು ರದ್ದಾಯಿತು. ತಿನ್ನದಿದ್ದರೂ ಮುಟ್ಟಬೇಡಿ. ಮೊಸರು ಇಡಬೇಕಾದರೆ ಕೆಳಗೆ ಕೇಳಿ, ಅಡುಗೆಮನೆಯಲ್ಲಿ ಇಟ್ಟುಕೊಡುತ್ತಾರೆ.

ಇನ್ನು ಪಾರಿವಾಳದ ವಿಷಯ. ಬ್ಯಾಂಕಾಕಿಗೆ ಮೊದಲ ಸಲ ಹೋದಾಗ, ಗುಡಿಯ ಹೊರಗಿನ ಮೈದಾನದಲ್ಲಿ ಒಬ್ಬ ಹೆಂಗಸು ನಗುನಗುತ್ತಾ ಬಂದು ನಮ್ಮವರ ಕೈಗೆ ಒಂದೊಂದು ಜೋಳದ ಪೊಟ್ಟಣ ಇಟ್ಟಳು. ಪಾರಿವಾಳಕ್ಕೆ ಹಾಕಲು ಕೊಟ್ಟದ್ದು. ನಮ್ಮವರ ಕೈ ಹೇಗೆ ಬೆಳೆದದ್ದು ನಿಮಗೆ ಗೊತ್ತು. ಗುಡಿಯ ಹತ್ತಿರ ಯಾರು ಏನು ಕೊಟ್ಟರೂ ಬಲಗೈ ತಾನಾಗಿ ಚಾಚುತ್ತದೆ, ಕೆಳಗೆ ಎಡಗೈ ಹಿಡಿಯುತ್ತದೆ. ಬೇಡ ಎಂದರೆ ಪ್ರಸಾದಕ್ಕೆ ಅವಮಾನ. ಹತ್ತೂ ಜನ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಪದ್ಮನಾಭನಗರದ ಒಬ್ಬರು ಎರಡು ಕಾಳು ಬಾಯಿಗೂ ಹಾಕಿಕೊಂಡರು. ಆಮೇಲೆ ಆ ಹೆಂಗಸಿನ ನಗು ಹೋಯಿತು, ಒಂದೊಂದು ಪೊಟ್ಟಣಕ್ಕೆ ಒಂದು ಊಟದಷ್ಟು ದುಡ್ಡು ಕೇಳಿದಳು. ವಾಪಸು ಕೊಡಹೋದರೆ ತೆಗೆದುಕೊಳ್ಳಲೊಲ್ಲಳು. ಅವಳ ಜೊತೆಗಾರರು ನಾಲ್ವರು ಸುತ್ತ ನಿಂತರು. ಕೊಟ್ಟು ಬಂದೆವು.

ಆ ದಿನವೆಲ್ಲ ಯೋಚಿಸಿದೆ. ‘ಮುಟ್ಟಬೇಡಿ, ತಗೋಬೇಡಿ’ ಎಂದು ಹೇಳಿದರೆ ಪ್ರಯೋಜನವಿಲ್ಲ, ಅರವತ್ತು ವರ್ಷದ ಅಭ್ಯಾಸ ಒಂದು ಮಾತಿಗೆ ಹೋಗುವುದಿಲ್ಲ. ಒಂದು ಅಭ್ಯಾಸದ ಜಾಗದಲ್ಲಿ ಇನ್ನೊಂದು ಅಭ್ಯಾಸವನ್ನೇ ಇಡಬೇಕು. ಮಾರನೆಯ ಬೆಳಿಗ್ಗೆ ಹೇಳಿದೆ: “ಯಾರಾದ್ರೂ ಏನಾದ್ರೂ ಕೊಡೋಕೆ ಬಂದ್ರೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ನಡೀತಾ ಇರಿ. ಮರ್ಯಾದೆನೂ ಕೊಟ್ಟ ಹಾಗಾಯ್ತು, ಮುಗಿದ ಕೈಯೊಳಗೆ ಯಾರೂ ಏನೂ ಇಡೋಕಾಗಲ್ಲ.”

ಇದು ನಾನು ಕಂಡುಹಿಡಿದದ್ದು. ಬಣ್ಣದ ದಾರ ಕಟ್ಟುವವರು, ಹೂವು ಮುಡಿಸುವವರು, ಹೆಗಲ ಮೇಲೆ ಗಿಣಿ ಕೂರಿಸಿ ಫೋಟೋ ತೆಗೆಯುವವರು, ಎಲ್ಲರಿಗೂ ಇದೊಂದೇ ಮದ್ದು. ಹೊರದೇಶದ ಬೀದಿಯಲ್ಲಿ ಹನ್ನೆರಡು ಜನ ರೇಷ್ಮೆ ಸೀರೆಯವರು ಸಾಲಾಗಿ ಕೈಮುಗಿಯುತ್ತಾ ಹೋಗುವುದನ್ನು ನೋಡಿ ಮಾರುವವರೂ ದಿಕ್ಕು ತೋಚದೆ ತಿರುಗಿ ಕೈಮುಗಿಯುತ್ತಿದ್ದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸುಮಾ ಬರೆಯಿರಿ ಎಂದದ್ದೂ ಇದನ್ನೇ.

ನಾನು ಸೇರಿ ಮೂರು ವರ್ಷವಾಗಿತ್ತು. ಬ್ಯಾಂಕಾಕಿಗೆ ಹನ್ನೊಂದು ಜನ. ಅವರಲ್ಲಿ ಕುಮಾರಸ್ವಾಮಿ ಲೇಔಟಿನ ವಿಶಾಲಮ್ಮ ಒಬ್ಬರು. ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತರಾದವರು, ಮಾತು ಕಡಿಮೆ. ಕೈಯಲ್ಲಿ ಎರಡು ಗಟ್ಟಿ ಬಂಗಾರದ ಬಳೆ. ತೀರಿಹೋದ ಯಜಮಾನರು ಮಾಡಿಸಿಕೊಟ್ಟದ್ದು. ವಿಮಾನದಲ್ಲಿ ನನ್ನ ಪಕ್ಕವೇ ಕೂತಿದ್ದರು. ಅರ್ಧ ದಾರಿಯಲ್ಲಿ ಒಂದೇ ಸಲಕ್ಕೆ ಎಲ್ಲ ಹೇಳಿಬಿಟ್ಟರು.

“ನನ್ನ ಮಗಳು ಸುಮಾಗೆ ಎರಡು ಸಲ ಮಗು ನಿಲ್ಲಲಿಲ್ಲ ಪದ್ಮಕ್ಕ. ಜೋಯಿಸರು ಶನಿ ಕಾಟ ಅಂದ್ರು. ಒಳ್ಳೆ ನೀಲ ಹಾಕಿಸಿ ಅಂದ್ರು. ಬ್ಯಾಂಕಾಕಲ್ಲಿ ನೀಲ ಚೆನ್ನಾಗಿ ಸಿಗುತ್ತಂತೆ. ನಾನು ಬಂದಿದ್ದೇ ಅದಕ್ಕೆ. ಊರು ನೋಡೋಕಲ್ಲ.”

ನೀಲವೆಂದರೆ ಶನಿಯ ಕಲ್ಲು. ನನಗೂ ಅದರಲ್ಲಿ ನಂಬಿಕೆ ಇದೆ, ಸುಳ್ಳು ಹೇಳುವುದಿಲ್ಲ. “ದೇವರು ಒಳ್ಳೇದು ಮಾಡ್ಲಿ” ಎಂದೆ. ಅದಕ್ಕಿಂತ ಹೆಚ್ಚು ಅಂದು ಹೇಳಬೇಕಿತ್ತು, ಹೇಳಲಿಲ್ಲ.

ಎರಡನೆಯ ದಿನ ಅಲ್ಲಿನ ಗೈಡಿಗೆ ರಜೆ. ಹೋಟೆಲಿನಿಂದ ನದಿ ದಂಡೆಯ ದೊಡ್ಡ ಗುಡಿ ಹತ್ತಿರವೇ ಇತ್ತು, ನಾನೇ ಕರೆದುಕೊಂಡು ಹೊರಟೆ. ಹನ್ನೊಂದೂವರೆ ಸುಮಾರಿಗೆ ಗುಡಿಯ ಗೋಡೆ ಕಾಣಿಸುವಷ್ಟರಲ್ಲಿ, ಇಸ್ತ್ರಿ ಅಂಗಿಯ, ಕುತ್ತಿಗೆಗೆ ಕಾರ್ಡು ತೂಗುಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯ ಎದುರಾದ. ಬಹಳ ವಿನಯ. ಗುಡಿ ಈಗ ಮುಚ್ಚಿದೆ, ಒಳಗೆ ಪ್ರಾರ್ಥನೆ, ಮಧ್ಯಾಹ್ನದ ಮೇಲೆ ತೆರೆಯುತ್ತದೆ ಎಂದ.

ಬೇರೆ ಯಾವ ದೇಶದವರಾದರೂ ಅನುಮಾನ ಪಡುತ್ತಿದ್ದರೋ ಏನೋ. ನಮಗೆ ಅದರಷ್ಟು ಸಹಜವಾದ ಮಾತು ಇನ್ನೊಂದಿಲ್ಲ. ಹನ್ನೆರಡಕ್ಕೆ ಮಂಗಳಾರತಿ ಮಾಡಿ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಗೆ. ನಾನೇ ತಿರುಗಿ ಎಲ್ಲರಿಗೂ ಹೇಳಿದೆ: “ನೈವೇದ್ಯದ ಹೊತ್ತು, ಬಾಗಿಲು ಹಾಕಿರ್ತಾರೆ. ಆಮೇಲೆ ಬರೋಣ.” ಯಾರೂ ಎದುರು ಮಾತಾಡಲಿಲ್ಲ. ಒಬ್ಬರಂತೂ “ದೇವರಿಗೂ ಊಟ ಬೇಡ್ವಾ” ಎಂದರು.

ಅಷ್ಟರಲ್ಲಿ ಅವನು ಮೂರು ಆಟೋ ಕರೆದ. ಅಲ್ಲಿನ ಆಟೋಗಳಿಗೆ ಬಾಗಿಲಿಲ್ಲ, ಬಣ್ಣಬಣ್ಣದ ದೀಪ. ಬಾಡಿಗೆ ಎಷ್ಟು ಕಡಿಮೆ ಎಂದರೆ, ಸಾರಕ್ಕಿ ಸಿಗ್ನಲ್ಲಿನಿಂದ ನಮ್ಮ ಮನೆಗೂ ಅಷ್ಟಕ್ಕೆ ಬರುವುದಿಲ್ಲ. ಆ ಕ್ಷಣವೇ ನನಗೆ ಹೊಳೆಯಬೇಕಿತ್ತು. ಹುಡುಗಿಯರೇ, ಹೆಚ್ಚು ಕೇಳುವವನನ್ನು ಎಲ್ಲರೂ ಗುರುತಿಸುತ್ತಾರೆ. ಬಹಳ ಕಡಿಮೆ ಕೇಳುವವನು ಉಳಿದದ್ದನ್ನು ಬೇರೆ ಕಡೆ ತೆಗೆದುಕೊಳ್ಳುತ್ತಾನೆ ಎನ್ನುವುದನ್ನು ನೀವು ಗುರುತಿಸಬೇಕು.

ಆಟೋಗಳು ಒಂದು ಚಿಕ್ಕ ಗುಡಿಗೆ ಹೋದವು. ಅಲ್ಲಿ ಕೈಮುಗಿದು ಹೊರಬಂದರೆ ಮುಂದೆ ಹೋಗಿ ನಿಂತದ್ದು ಒಂದು ಹರಳಿನ ಅಂಗಡಿಯ ಮುಂದೆ. ಇವತ್ತು ಸರ್ಕಾರದ ರಿಯಾಯಿತಿಯ ಕೊನೆಯ ದಿನ ಎಂದು ಡ್ರೈವರು ಹೇಳಿದ. ಒಳಗೆ ತಣ್ಣಗೆ ಏಸಿ, ಮೆತ್ತನೆಯ ಕುರ್ಚಿ, ಎಲ್ಲರಿಗೂ ಜ್ಯೂಸು. ಮ್ಯಾನೇಜರು ಹಿಂದಿಯಲ್ಲೇ ಮಾತಾಡಿದ. ವಿಶಾಲಮ್ಮ ನೀಲ ಎಂದು ಬಾಯಿ ಬಿಟ್ಟದ್ದೇ ತಡ, ಕಪ್ಪು ಮಖಮಲ್ಲಿನ ತಟ್ಟೆಯಲ್ಲಿ ಒಂದು ಕಲ್ಲು ಬಂತು. ಕಡುನೀಲಿ, ಕಣ್ಣು ಕೀಳಲಾಗುತ್ತಿರಲಿಲ್ಲ. ವಿಶಾಲಮ್ಮ ಅದನ್ನು ಮುಟ್ಟಲಿಲ್ಲ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತರು. ಕಣ್ಣು ತುಂಬಿತ್ತು.

ಬೆಲೆ ಕೇಳಿದ ಮೇಲೆ ಅವರು ತಂದಿದ್ದ ಹಣ ಅರ್ಧಕ್ಕೂ ಸಾಲಲಿಲ್ಲ. ಮ್ಯಾನೇಜರು ಅವರ ಕೈಯನ್ನು ನೋಡಿದ. ಪಕ್ಕದಲ್ಲೇ ಬಂಗಾರದ ಅಂಗಡಿ ಇದೆ, ಬಳೆ ತೆಗೆದುಕೊಳ್ಳುತ್ತಾರೆ, ಐದು ನಿಮಿಷದ ಕೆಲಸ ಎಂದ.

ವಿಶಾಲಮ್ಮ ಬಳೆ ಎಳೆಯತೊಡಗಿದರು. ಎಷ್ಟೋ ವರ್ಷದಿಂದ ತೆಗೆಯದ ಬಳೆ, ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಅಂಗಡಿಯ ಹುಡುಗಿ ಓಡಿಹೋಗಿ ಸಾಬೂನು ನೀರು ತಂದಳು. ಎಷ್ಟು ಬೇಗ ತಂದಳೆಂದರೆ, ಅದು ಅಲ್ಲೇ ಸಿದ್ಧವಿದ್ದಿರಬೇಕು. ಹರಳಿನ ಅಂಗಡಿಯಲ್ಲಿ ಬಟ್ಟಲು ಸಾಬೂನು ನೀರು ಯಾಕೆ ಸಿದ್ಧವಿರಬೇಕು?

ಹೊರಗೆ ಬಂದು ರಘು ಸಾರ್‌ಗೆ ಫೋನ್ ಮಾಡಿದೆ.

“ಬಿಟ್ಟುಬಿಡಿ ಮೇಡಂ” ಎಂದರು. “ಅವರ ದುಡ್ಡು, ಅವರ ನಂಬಿಕೆ. ನೀವು ಬೇಡ ಅಂತೀರ, ಊರಿಗೆ ಬಂದ್ಮೇಲೆ ಆ ಹುಡುಗಿಗೆ ಮತ್ತೆ ಏನಾದ್ರೂ ಆಯ್ತು ಅಂದ್ಕೊಳ್ಳಿ, ಲೀಡರಮ್ಮ ಕಲ್ಲು ತಗೊಳ್ಳೋಕೆ ಬಿಡ್ಲಿಲ್ಲ ಅಂತ ನಿಮ್ಮನ್ನೇ ಆಡ್ಕೋತಾರೆ. ಶಾಪಿಂಗ್ ವಿಷ್ಯಕ್ಕೆ ಲೀಡರ್ ಬಾಯಿ ಹಾಕ್ಬಾರ್ದು. ಇದು ನಮ್ಮ ರೂಲು.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಬ್ಬ ತಾಯಿಗೂ ಅವಳು ನಂಬಿದ ಪರಿಹಾರಕ್ಕೂ ನಡುವೆ ನಾನು ನಿಲ್ಲುವುದೇ? ನನಗೆ ದೇವರು ಕೇಳುವ ಮೊದಲೇ ಇಬ್ಬರು ಮಕ್ಕಳನ್ನು ಕೊಟ್ಟಿದ್ದ. ಏನು ಮಾಡಲಿ ತಾಯಿ ಎಂದು ಫುಟ್‌ಪಾತಿನಲ್ಲಿ ನಿಂತು ಬನಶಂಕರಮ್ಮನನ್ನು ನೆನೆದೆ.

ಅಷ್ಟರಲ್ಲಿ ಮ್ಯಾನೇಜರು ಹೊರಗೆ ಬಂದು, ಬಹಳ ಗೌರವದಿಂದ, ಒಂದು ಕವರನ್ನು ನನ್ನ ಕಡೆ ಚಾಚಿದ. “ಗೈಡ್ ಕೇ ಲಿಯೇ” ಎಂದ.

ನನ್ನ ಬಲಗೈ ಅರ್ಧ ಮೇಲೆದ್ದಿತ್ತು, ಅಭ್ಯಾಸ ನೋಡಿ. ಇನ್ನೊಂದು ಕೈ ಬಂದು ಅದಕ್ಕೆ ಜೋಡಿಸಿಕೊಂಡಿತು. ನಮಸ್ಕಾರ ಮಾಡಿದೆ. ಅವನು ಕವರನ್ನು ನನ್ನ ಬೆರಳುಗಳ ಸಂದಿಗೆ ತುರುಕಲು ನೋಡಿದ. ನಾನು ಕೈ ಬಿಡಿಸಲಿಲ್ಲ. ನನಗೆ ಬಂದ ಆ ಕವರು ವಿಶಾಲಮ್ಮನ ಬಳೆಯ ಒಂದು ಚೂರು ಎಂದು ಅರ್ಥವಾಗಲು ಇಂಗ್ಲಿಷೂ ಬೇಕಿರಲಿಲ್ಲ, ಹಿಂದಿಯೂ ಬೇಕಿರಲಿಲ್ಲ. ತಾಯಿ ಉತ್ತರ ಕೊಟ್ಟಿದ್ದಳು.

ಒಳಗೆ ಹೋದೆ. ಒಂದು ಬಳೆ ಗೆಣ್ಣು ದಾಟಿತ್ತು. ಅವರ ಪಕ್ಕ ಕೂತು ಕೇಳಿದೆ:

“ವಿಶಾಲಮ್ಮ, ನೀಲನ ಹಾಗೇ ಹಾಕ್ಕೊಳ್ಳೋ ಹಾಗಿಲ್ಲ ಅಲ್ವಾ? ಜೋಯಿಸರು ಹೇಳಿರ್ಬೇಕಲ್ಲ?”

ಅವರು ಕೈ ನಿಲ್ಲಿಸಿದರು. “ಹೇಳಿದ್ರು. ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಕೊಂಡು ನೋಡ್ಬೇಕು ಅಂತ. ಆಗಿಬಂದ್ರೆ ಹಾಕ್ಕೊಳ್ಳೋದು, ಇಲ್ಲಾಂದ್ರೆ ಆ ಕಲ್ಲು ಮನೇಲೇ ಇರಬಾರ್ದು ಅಂತ.”

“ಮತ್ತೆ ಇವರನ್ನ ಕೇಳೋಣ್ವಾ? ಅಡ್ವಾನ್ಸ್ ಕೊಟ್ಟು, ಊರಿಗೆ ತಗೊಂಡು ಹೋಗಿ, ಸುಮಾ ಮೂರು ರಾತ್ರಿ ಇಟ್ಕೊಂಡು ನೋಡ್ಲಿ. ಆಗಿಬಂದ್ರೆ ಉಳಿದದ್ದು ಕಳಿಸೋಣ. ಆಗಿಬರ್ಲಿಲ್ಲ ಅಂದ್ರೆ ಕಲ್ಲು ವಾಪಸ್ಸು, ದುಡ್ಡು ವಾಪಸ್ಸು. ಜಯನಗರದಲ್ಲಿ ಪರಿಚಯದ ಅಂಗಡಿಯವರು ಹಾಗೇ ಕೊಡ್ತಾರಪ್ಪ.”

ನನಗೆ ಬಂದಷ್ಟು ಹಿಂದಿಯಲ್ಲಿ ಮ್ಯಾನೇಜರಿಗೆ ಹೇಳಿದೆ. ಅವನು ನಕ್ಕ. ಗ್ಯಾರಂಟಿ ಸರ್ಟಿಫಿಕೇಟ್ ತೋರಿಸಿದ, ಚಿನ್ನದ ಬಣ್ಣದ ಸೀಲು ತೋರಿಸಿದ. ನಾನು ಕೈಮುಗಿದು ಹೇಳಿದೆ: “ಸರ್ಟಿಫಿಕೇಟ್ ಬೇಡ, ತೀನ್ ರಾತ್.” ಊರಿಗೆ ಹೋಗುವುದು ಬೇಡವಾದರೆ ನಾವು ಇಲ್ಲೇ ಇನ್ನೂ ಮೂರು ರಾತ್ರಿ ಇರುತ್ತೇವೆ, ಮಗಳ ಬದಲು ವಿಶಾಲಮ್ಮನೇ ದಿಂಬಿನ ಕೆಳಗೆ ಇಟ್ಟುಕೊಂಡು ನೋಡಲಿ, ಪೂರ್ತಿ ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇವೆ, ಹೊಂದದಿದ್ದರೆ ಹೊರಡುವ ದಿನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಒಂದು ಸಾಲು ಬರೆದುಕೊಡು ಎಂದೆ. ಅವನ ನಗು ಕಡಿಮೆಯಾಯಿತು. ಇವತ್ತೇ, ಈಗಲೇ, ಆಮೇಲೆ ಈ ಬೆಲೆ ಇಲ್ಲ ಎಂದ. ಒಂದು ರಾತ್ರಿಗಾದರೂ ಕೊಡು ಎಂದೆ. ತಟ್ಟೆಯ ಮೇಲೆ ಮುಚ್ಚಳ ಬಿತ್ತು. ಜ್ಯೂಸಿನ ಲೋಟಗಳನ್ನು, ಕುಡಿದು ಮುಗಿಯದಿದ್ದರೂ, ಹುಡುಗಿ ಎತ್ತಿಕೊಂಡು ಹೋದಳು.

ವಿಶಾಲಮ್ಮ ಆ ಮುಚ್ಚಿದ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಬಳೆಯನ್ನು ಗೆಣ್ಣಿನಿಂದ ಹಿಂದಕ್ಕೆ ತಳ್ಳಿಕೊಂಡರು. ಸಾಬೂನಿದ್ದದ್ದರಿಂದ ಸುಲಭವಾಗಿ ಹೋಯಿತು. ಎದ್ದು ಹೊರಗೆ ನಡೆದರು. ನನ್ನ ಮುಖ ನೋಡಲಿಲ್ಲ.

ಹೊರಗೆ ಆಟೋಗಳು ಇರಲಿಲ್ಲ. ವ್ಯಾಪಾರ ಆಗದ ಸುದ್ದಿ ನಮಗಿಂತ ಮುಂಚೆ ಅವರಿಗೆ ತಲುಪಿತ್ತು. ಬಿಸಿಲಿನಲ್ಲಿ ನಡೆದು, ಕೇಳಿಕೊಂಡು, ಬಸ್ಸು ಹತ್ತಿ ಮತ್ತೆ ಆ ದೊಡ್ಡ ಗುಡಿಗೆ ಬಂದೆವು. ಬಾಗಿಲು ದೊಡ್ಡದಾಗಿ ತೆರೆದಿತ್ತು. ಕಾವಲಿನವನನ್ನು ಕೇಳಿದರೆ, ಬೆಳಿಗ್ಗೆಯಿಂದ ಮುಚ್ಚಿಯೇ ಇಲ್ಲ ಎಂದ. ನಾವು ಗೋಡೆಯ ಮೂಲೆ ದಾಟಿ ಇನ್ನೂರು ಹೆಜ್ಜೆ ನಡೆದಿದ್ದರೆ ಕಾಣಿಸುತ್ತಿತ್ತು.

ಅಲ್ಲೇ ಹನ್ನೊಂದು ಜನರ ಮುಂದೆ ನಿಂತು ಹೇಳಿದೆ: “ತಪ್ಪು ನಂದು. ಬಾಗಿಲು ಹಾಕಿದಾರೆ ಅಂತ ನಾನೇ ಹೇಳ್ದೆ. ಹೋಗಿ ನೋಡ್ಲಿಲ್ಲ.” ಎಲ್ಲರೂ ಹೋಗಲಿ ಬಿಡಿ ಎಂದರು. ವಿಶಾಲಮ್ಮ ಮಾತ್ರ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, “ನಿಮಗೆ ಮೊಮ್ಮಕ್ಕಳಿದಾರೆ ಪದ್ಮಕ್ಕ. ನಿಮಗೆ ಮೂರು ರಾತ್ರಿ ಕಾಯೋಕೆ ಸಮಯ ಇದೆ” ಎಂದರು. ಮುಂದಿನ ಮೂರು ದಿನವೂ ನನ್ನ ಕೈಯಿಂದ ಕಾಫಿ ಕೂಡ ತೆಗೆದುಕೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ರಘು ಸಾರ್ ಕರೆಸಿದರು. ಎರಡೂ ಫೋನು ಕೆಳಗಿಟ್ಟಿದ್ದರು, ವಿಷಯ ಸರಿಯಿಲ್ಲ ಎಂದು ಅದರಿಂದಲೇ ಗೊತ್ತಾಯಿತು.

“ನಾನು ಹೇಳಿದ್ನಾ ಇಲ್ವಾ ಮೇಡಂ? ವಿಶಾಲಮ್ಮ ಫೋನ್ ಮಾಡಿ ಬೇಜಾರು ಮಾಡ್ಕೊಂಡ್ರು. ಮುಂದಿನ ಗ್ರೂಪಿಗೆ ಬೇರೆಯವರನ್ನ ಕಳಿಸ್ತೀನಿ. ನೀವು ಸ್ವಲ್ಪ ರೆಸ್ಟ್ ತಗೊಳ್ಳಿ.”

ರೆಸ್ಟ್ ಎಂದರೆ ಏನೆಂದು ನನಗೆ ಗೊತ್ತು. ನಮ್ಮ ಯಜಮಾನರು ಸಮಾಧಾನಕ್ಕೆ, “ಒಳ್ಳೇದೇ ಆಯ್ತು, ಹುಳಿ ತಿಂದು ಎಷ್ಟು ದಿನ ಆಯ್ತು” ಎಂದರು. ಹುಳಿ ಮಾಡಿದೆ. ಉಪ್ಪು ಹಾಕುವುದು ಮರೆತಿದ್ದೆ. ಅವರು ಸುಮ್ಮನೆ ಊಟ ಮಾಡಿದರು.

ಒಂದು ತಿಂಗಳಾಗಿರಬೇಕು. ಶುಕ್ರವಾರ ರಾಹುಕಾಲಕ್ಕೆ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಹೋಗಿದ್ದೆ. ನಿಂಬೆಹೋಳು ತಿರುವಿ ಬತ್ತಿ ಇಡುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ಕೂತರು. ಬಳೆಯ ಗುರುತು ಸಿಕ್ಕಿತು. ವಿಶಾಲಮ್ಮ. ಜೊತೆಯಲ್ಲಿ ತೆಳ್ಳಗೆ ಎತ್ತರದ ಒಬ್ಬ ಹುಡುಗಿ.

ವಿಶಾಲಮ್ಮ ಮೊದಲು ದೀಪ ಹಚ್ಚಿ ಮುಗಿಸಿದರು. ಆಮೇಲೆ ಹೇಳಿದರು.

“ಜಯನಗರದಲ್ಲಿ ಕೇಳ್ದೆ ಪದ್ಮಕ್ಕ. ಕೊಟ್ರು, ಮೂರು ರಾತ್ರಿಗೆ. ಮೂರು ರಾತ್ರೀನೂ ಇವಳಿಗೆ ನಿದ್ದೆ ಇಲ್ಲ, ಮೈಯೆಲ್ಲ ಉರಿ. ತಗೊಂಡು ಹೋಗಿ ವಾಪಸ್ ಕೊಟ್ಟೆ. ಯಾಕೆ ಅಂತ ಒಂದು ಮಾತೂ ಕೇಳದೆ ದುಡ್ಡು ತೆಗೆದು ಕೊಟ್ರು.” ಕೈಯ ಬಳೆ ಸರಿಮಾಡಿಕೊಂಡರು. “ಆ ಊರಲ್ಲಿ ಬಳೆ ಕೊಟ್ಟು ತಂದಿದ್ರೆ, ಆಗಿಬರದಿರೋ ಕಲ್ಲು ಹಿಡ್ಕೊಂಡು ನಾನು ಯಾರ ಮುಂದೆ ಹೋಗಿ ನಿಲ್ತಿದ್ದೆ? ಶನಿನ ದುಡ್ಡು ಕೊಟ್ಟು ಮನೆಗೆ ತಂದ ಹಾಗಾಗ್ತಿತ್ತು.”

ಆ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. “ಅಮ್ಮನಿಗೆ ಹೇಳಿ ಆಂಟಿ, ದಿಂಬಿನ ಕೆಳಗೆ ಕಲ್ಲು ಒತ್ತುತಾ ಇದ್ರೆ ಯಾರಿಗೆ ನಿದ್ದೆ ಬರುತ್ತೆ?”

“ಸುಮ್ನಿರೇ ನೀನು” ಎಂದರು ವಿಶಾಲಮ್ಮ. ಆದರೆ ಅವರೂ ನಕ್ಕರು. ನನಗೆ ಅಳು ಬಂತು, ದೀಪದ ಹೊಗೆಯ ಮೇಲೆ ಹಾಕಿದೆ. ಬ್ಯಾಂಕಾಕಿನ ಆ ಕಲ್ಲು ನಿಜವೋ ಗಾಜೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಗೊತ್ತಾಗಬೇಕಾಗಿಯೂ ಇಲ್ಲ. ಹಿಂದಕ್ಕೆ ತೆಗೆದುಕೊಳ್ಳಲೊಪ್ಪದ ಸಾಮಾನು ಎಂಥದ್ದಾದರೂ ನಮಗೆ ಬೇಡ.

ಅಂದೇ ಸಂಜೆ ವಿಶಾಲಮ್ಮ ಆಫೀಸಿಗೆ ಹೋಗಿ ರಘು ಸಾರ್ ಎದುರು ಕೂತರಂತೆ. ಟೀಚರಾಗಿದ್ದವರಲ್ಲವೇ, ಅವರನ್ನೂ ಕೂರಿಸಿದರಂತೆ. ಆ ಮನುಷ್ಯ ಆಫೀಸಿನಲ್ಲಿ ಕೂತದ್ದು ಅದೊಂದೇ ಸಲ ಇರಬೇಕು. ಮಾರನೆಯ ದಿನ ನನಗೆ ಫೋನ್ ಬಂತು. “ಮೇಡಂ, ರೆಸ್ಟ್ ಸಾಕು. ಶಾಪಿಂಗ್ ವಿಷ್ಯಕ್ಕೆ ನೀವು ಬಾಯಿ ಹಾಕ್ಬೋದು.” ದೊಡ್ಡವರಾಗಿ ಅಷ್ಟು ಹೇಳಿದ್ದೇ ಹೆಚ್ಚು. ಮುಂದಿನ ಪ್ರವಾಸದಿಂದ ಎಲ್ಲರಿಗೂ ಕೊಡುವ ಹಾಳೆಯ ಮೊದಲ ಸಾಲಿನಲ್ಲಿ, ಪಾಸ್‌ಪೋರ್ಟಿನ ವಿಷಯಕ್ಕಿಂತ ಮೇಲೆ, ಗುಡಿ ಮುಚ್ಚಿದೆ ಎಂದು ಯಾರಾದರೂ ಹೇಳಿದರೆ ಬಾಗಿಲ ತನಕ ಹೋಗಿ ನೋಡಿ ಎಂದು ಅಚ್ಚಾಯಿತು. ಎರಡನೆಯ ಸಾಲು, ಕೈಮುಗಿಯಿರಿ. ಈಗಲೂ ಹಾಗೇ ಇದೆ.

ಆಮೇಲಿನ ವರ್ಷಗಳಲ್ಲಿ ಬಹಳ ಬದಲಾಯಿತು. ನಾನು ಸೇರಿದಾಗ ಡಾಲರು ನೋಟುಗಳನ್ನು ಸೊಂಟದ ಚೀಲದಲ್ಲಿ ಹೊಲಿಸಿಕೊಂಡು ಹೋಗುತ್ತಿದ್ದೆವು, ಈಗ ಕಾರ್ಡು. ಕಾರ್ಡಿನ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಪ್ರೀತಿಯಿಂದ ಕೇಳುತ್ತದೆ. ನಮ್ಮ ದುಡ್ಡಿನ ಹೆಸರು ಕಂಡ ಕೂಡಲೇ ಹೂಂ ಎನ್ನಬೇಡಿ, ಆ ಊರಿನ ದುಡ್ಡಿನಲ್ಲೇ ಕೊಡಿ, ಯಂತ್ರದ ಲೆಕ್ಕದಲ್ಲಿ ಯಾವಾಗಲೂ ನಮಗೇ ನಷ್ಟ. ಮೊದಲು ಗಿರಾಕಿಯನ್ನು ಹಿಡಿಯುವವನು ಬೀದಿಯ ಮೂಲೆಯಲ್ಲಿ ನಿಂತಿರುತ್ತಿದ್ದ, ಈಗ ಫೋನಿನಲ್ಲಿ ಮನೆಗೇ ಬರುತ್ತಾನೆ. ಇಂಥ ಕಡೆ ಫೋಟೋ ತೆಗೆಸಿಕೊಳ್ಳದಿದ್ದರೆ ಹೋದದ್ದೇ ದಂಡ ಎಂದು ವಿಡಿಯೋ ತೋರಿಸುತ್ತಾನೆ. ನಮ್ಮವರು ಎರಡು ಗಂಟೆ ಸಾಲಿನಲ್ಲಿ ನಿಂತು, ಒಂದು ಕಾಫಿಗೆ ಒಂದು ಸೀರೆಯ ದುಡ್ಡು ಕೊಟ್ಟು, ಸಕ್ಕರೆ ಕಡಿಮೆ ಎಂದು ಬೈದುಕೊಂಡು ಬರುತ್ತಾರೆ. ಅಂಥವರಿಗೆ ನಾನು ಅಡ್ಡಿ ಮಾಡುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿ ಆ ಊರಿನ ಆಫೀಸಿನವರು ಊಟ ಮಾಡುವ ಕಡೆ ಉಳಿದವರನ್ನು ಕರೆದುಕೊಂಡು ಹೋಗಿ, ವಾಪಸು ಬಂದು ಸಾಲಿನಲ್ಲಿರುವವರಿಗೆ ಏನು ತಿಂದೆವೆಂದು ಹೇಳುತ್ತಿದ್ದೆ. ಮಾರನೆಯ ದಿ‌ನ ಅವರೂ ನನ್ನ ಹಿಂದೆಯೇ ಬರುತ್ತಿದ್ದರು.

ಸುಮಾ ಮುಂದಿನ ವರ್ಷ ಅಮ್ಮನ ಜೊತೆ ನನ್ನ ಗುಂಪಿನಲ್ಲಿ ಬಂದಳು. ಅದರ ಮುಂದಿನ ವರ್ಷ ನನಗೆ ಸಹಾಯಕ್ಕೆಂದು ಬಂದಳು. ಅವಳ ಮನೆಯ ವಿಷಯ ನಾನು ಬರೆಯುವುದಿಲ್ಲ, ಅದು ಅವಳದು. ನಕ್ಕೊಂಡಿದ್ದಾಳೆ ಎಂದಷ್ಟು ಹೇಳಬಲ್ಲೆ. ನನ್ನ ಮಂಡಿ ಇನ್ನು ಸಾಕು ಎಂದಾಗ ರಘು ಸಾರ್ ಯಾರನ್ನು ನೇಮಿಸಲಿ ಎಂದು ನನ್ನನ್ನೇ ಕೇಳಿದರು. ನಾನು ಯೋಚಿಸಲೂ ಇಲ್ಲ.

ಅವಳು ಒಬ್ಬಳೇ ಲೀಡರಾಗಿ ಹೋದ ಮೊದಲ ಸಲ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಹತ್ತರ ಸಮಯ, ಹುಣಿಸೆಹಣ್ಣು ಹಾಕಿ ದೇವರ ಪಾತ್ರೆ ತೊಳೆಯುತ್ತಿದ್ದೆ. ಫೋನಿನಲ್ಲಿ ವಿಡಿಯೋ ಕರೆ, ಕಿಟಕಿಗೆ ಒರಗಿಸಿಟ್ಟು ತೆಗೆದೆ. ಅವಳ ಹಿಂದೆ ಬ್ಯಾಂಕಾಕಿನ ಆ ಗುಡಿಯ ಗೋಡೆ. ನನಗೆ ಕೂಡಲೇ ಗುರುತಾಯಿತು.

“ಅಕ್ಕ, ಬಂದ! ಇಸ್ತ್ರಿ ಅಂಗಿ, ಕುತ್ತಿಗೆಗೆ ಕಾರ್ಡು, ಎಲ್ಲ ನೀವು ಹೇಳಿದ ಹಾಗೇನೇ! ಗುಡಿ ಮುಚ್ಚಿದೆ ಅಂತಿದಾನೆ. ನಮ್ಮೋರು ಆಗಲೇ ಹೌದಂತೆ ಹೌದಂತೆ ಅಂತ ಶುರು ಮಾಡಿದಾರೆ.”

“ನೀನೇನಂದೆ?”

“ಪರವಾಗಿಲ್ಲ ಸಾರ್, ಮುಚ್ಚಿದ ಬಾಗಿಲಿಗೇ ನಮಸ್ಕಾರ ಮಾಡ್ಕೊಂಡು ಬರ್ತೀವಿ ಅಂದೆ. ಕುತ್ತಿಗೆಯ ಕಾರ್ಡು ಸರಿಮಾಡ್ಕೊಳ್ತಾ ನಿಂತಿದಾನೆ. ಇರಿ, ನಡೀತಾ ಇದೀನಿ, ಫೋನ್ ಇಡ್ಬೇಡಿ.”

ಫೋನು ಅಲ್ಲಾಡುತ್ತಾ ಹೋಯಿತು. ಗೋಡೆ, ಸೀರೆಗಳು, ಚಪ್ಪಲಿಗಳು, ಮತ್ತೆ ಗೋಡೆ. ನಮ್ಮ ಯಜಮಾನರೂ ಬಂದು ನನ್ನ ಹೆಗಲ ಹಿಂದೆ ನಿಂತರು. ಮೂಲೆ ತಿರುಗಿತು. ಬಾಗಿಲು ದೊಡ್ಡದಾಗಿ ತೆರೆದಿತ್ತು.

ಸುಮಾ ಫೋನನ್ನು ಯಾರ ಕೈಗೋ ಕೊಟ್ಟಳು. ಅವಳು ಎರಡೂ ಕೈ ಎತ್ತಿ ಜೋಡಿಸಿದ್ದು ಕಾಣಿಸಿತು. ಕೈಯಲ್ಲಿ ವಿಶಾಲಮ್ಮನ ಬಳೆಗಳಿದ್ದವು, ಕೈಗೊಂದೊಂದು, ಬಿಸಿಲಿಗೆ ಮಿಂಚುತ್ತಾ.

ನನ್ನ ಎರಡೂ ಕೈಗೆ ಹುಣಿಸೆಹಣ್ಣು ಮೆತ್ತಿತ್ತು. ಹಾಗೇ ಜೋಡಿಸಿದೆ.